ಲಂಡನ್ನಿನ ಗಲ್ಲಿಯಲ್ಲಿ ಒಂದು ಶಾಲು, ಒಂದು ತೇಪೆ

ಲಂಡನ್ನಿಗೆ ಹೋಗಿ ಬಂದವರೆಲ್ಲ ಹೇಳುವುದು ಅರಮನೆಯ ಮುಂದಿನ ಕಾವಲುಗಾರರ ಕವಾಯತು, ಥೇಮ್ಸ್ ನದಿಯ ಸೇತುವೆ, ಹಳೆಯ ಟವರ್ ಕೋಟೆಯಲ್ಲಿ ಗಾಜಿನೊಳಗೆ ಕೂತಿರುವ ನಮ್ಮ ಕೊಹಿನೂರು. ಅವೆಲ್ಲ ನೋಡತಕ್ಕವೇ, ಇಲ್ಲವೆನ್ನುವುದಿಲ್ಲ. ಆದರೆ ಆ ಟವರ್ ಕೋಟೆಯಿಂದ ಕಾಲು ಗಂಟೆ ನಡೆದರೆ ಸಿಗುವ ಪೂರ್ವ ಭಾಗದ ಗಲ್ಲಿಗಳಿಗೆ ಪ್ರತಿದಿನ ಸಂಜೆ ಇನ್ನೊಂದು ಬಗೆಯ ಜನ ಗುಂಪು ಗುಂಪಾಗಿ ಬರುತ್ತಾರೆ. ತಲೆಗಿಷ್ಟು ಅಂತ ದುಡ್ಡು ಕೊಟ್ಟು, ಮಾರ್ಗದರ್ಶಿಯ ಹಿಂದೆ ಸಾಲಾಗಿ ನಡೆಯುತ್ತಾ, ನೂರಮೂವತ್ತು ವರ್ಷಗಳ ಹಿಂದಿನ ಕೊಲೆಗಳ ಕಥೆ ಕೇಳುತ್ತಾರೆ. ಆ ಕೊಲೆಗಾರನಿಗೆ ಜಗತ್ತು ಇಟ್ಟಿರುವ ಹೆಸರು ಜ್ಯಾಕ್ ದ ರಿಪ್ಪರ್. ನಿಜವಾದ ಹೆಸರು ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಗೊತ್ತಾಗಿಬಿಟ್ಟಿದೆ, ಡಿ.ಎನ್.ಎ. ಪರೀಕ್ಷೆಯಿಂದ ಹೆಸರು ಹೊರಬಿದ್ದಿದೆ ಎಂದು ಪತ್ರಿಕೆಗಳಲ್ಲಿ ದೊಡ್ಡ ಅಕ್ಷರದಲ್ಲಿ ಬಂದದ್ದನ್ನು ನಿಮ್ಮಲ್ಲೂ ಹಲವರು ಓದಿರಬಹುದು. ನಾನೂ ಓದಿದ್ದೆ. ಹಾಗಾಗಿ ತಂಗಿಯ ಮನೆಗೆಂದು ಲಂಡನ್ನಿನ ಇಲ್ಫರ್ಡಿಗೆ ಹೋಗಿದ್ದಾಗ ಒಂದು ಬೆಳಿಗ್ಗೆ ಅಕ್ಕತಂಗಿಯರಿಬ್ಬರೂ ಗುಂಪಿನ ಗೋಜಿಲ್ಲದೆ ನಾವೇ ಹೊರಟೆವು. ಇಲ್ಫರ್ಡಿನಿಂದ ನೇರಳೆ ಬಣ್ಣದ ಎಲಿಜಬೆತ್ ರೈಲು ಹತ್ತಿದರೆ ನೇರ ವೈಟ್‌ಚಾಪೆಲ್‌ನಲ್ಲೇ ಇಳಿಯಬಹುದು.

ಇಳಿದೊಡನೆ ಆಶ್ಚರ್ಯ! ರಸ್ತೆಯುದ್ದಕ್ಕೂ ಸಂತೆ. ಹಾಗಲಕಾಯಿ, ಬೆಂಡೆಕಾಯಿ, ಕೊತ್ತಂಬರಿ ಸೊಪ್ಪಿನ ಕಟ್ಟು, ಸೀರೆ ಬಟ್ಟೆಗಳ ರಾಶಿ. ಬಾಂಗ್ಲಾದೇಶದಿಂದ ಬಂದು ನೆಲೆಸಿದವರು ಇಲ್ಲಿ ಬಹಳ. ಸ್ವಲ್ಪ ದೂರದ ಬ್ರಿಕ್ ಲೇನ್ ಬೀದಿಯಲ್ಲಿ ಒಂದು ಇಟ್ಟಿಗೆ ಕಟ್ಟಡವಿದೆ. 1743ರಲ್ಲಿ ಫ್ರಾನ್ಸಿನಿಂದ ಓಡಿಬಂದ ಪ್ರಾಟೆಸ್ಟೆಂಟರು ಅದನ್ನು ತಮ್ಮ ಪ್ರಾರ್ಥನಾ ಮಂದಿರವಾಗಿ ಕಟ್ಟಿದರು. 1898ರಲ್ಲಿ ಅದು ಯಹೂದಿಗಳ ಸಿನಗಾಗ್ ಆಯಿತು. 1976ರಿಂದ ಮಸೀದಿ. ಒಂದೇ ಸೂರು, ಬಂದವರಿಗೆಲ್ಲ ದೇವರ ಮನೆ. ಯಾವ ಕಾಲದಲ್ಲೂ ಈ ಭಾಗ ಊರು ಬಿಟ್ಟು ಬಂದವರ, ಕೈಯಲ್ಲಿ ಕಾಸಿಲ್ಲದವರ ಆಸರೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ನಾಲ್ಕು ಪೆನ್ನಿಯ ಹಾಸಿಗೆ

1888ರಲ್ಲಿ ಇಲ್ಲಿನ ಬಡವರು ಮಲಗುತ್ತಿದ್ದದ್ದು ದಿನಬಾಡಿಗೆಯ ವಸತಿಗೃಹಗಳಲ್ಲಿ. ಒಂದು ರಾತ್ರಿ, ಒಂದು ಹಾಸಿಗೆ, ನಾಲ್ಕು ಪೆನ್ನಿ. ಅದಿಲ್ಲದಿದ್ದರೆ ಬೀದಿ.

ವೈಟ್‌ಚಾಪೆಲ್ ರೈಲು ನಿಲ್ದಾಣದ ಹಿಂಬದಿಯ ಡರ್ವರ್ಡ್ ಸ್ಟ್ರೀಟ್‌ಗೆ ಆಗ ಬಕ್ಸ್ ರೋ ಎಂದು ಹೆಸರಿತ್ತು. ಆಗಸ್ಟ್ 31ರ ನಸುಕಿನಲ್ಲಿ ಅಲ್ಲಿ ಸಿಕ್ಕಿದ ಶವ ಮೇರಿ ಆನ್ ನಿಕೊಲ್ಸ್ ಎಂಬವಳದು. ಪ್ರಾಯ 43. ಮುದ್ರಣಾಲಯದಲ್ಲಿ ಕೆಲಸಕ್ಕಿದ್ದವನ ಹೆಂಡತಿ, ಐದು ಮಕ್ಕಳ ತಾಯಿ, ಸಂಸಾರ ಮುರಿದು ಬೀದಿಗೆ ಬಂದವಳು. ಆ ರಾತ್ರಿ ನಾಲ್ಕು ಪೆನ್ನಿ ಇಲ್ಲವೆಂದು ವಸತಿಗೃಹದವರು ಹೊರಗೆ ಕಳಿಸಿದ್ದರು. ಹೊಸ ಟೋಪಿ ಹಾಕಿಕೊಂಡಿದ್ದೇನೆ, ದುಡ್ಡು ಬೇಗ ಹೊಂದಿಸಿಕೊಂಡು ಬರುತ್ತೇನೆ ಎಂದು ನಗುತ್ತಲೇ ಹೋದಳಂತೆ.

ಸೆಪ್ಟೆಂಬರ್ 8ರಂದು ಹ್ಯಾನ್‌ಬರಿ ಸ್ಟ್ರೀಟ್‌ನ 29ನೇ ಮನೆಯ ಹಿತ್ತಿಲಲ್ಲಿ ಆನಿ ಚಾಪ್‌ಮನ್, 47 ವರ್ಷ. ಕ್ರೋಶ ಹೆಣೆದು ಮಾರಿ ಬದುಕುತ್ತಿದ್ದವಳು. ಅವಳಿಗೂ ಆ ರಾತ್ರಿ ಹಾಸಿಗೆಗೆ ಕಾಸಿರಲಿಲ್ಲ. ಸೆಪ್ಟೆಂಬರ್ 30ರಂದು ಒಂದೇ ರಾತ್ರಿಯಲ್ಲಿ ಇಬ್ಬರು: ಸ್ವೀಡನ್ ದೇಶದಿಂದ ಬಂದು, ಒಂದು ಕಾಲಕ್ಕೆ ಗಂಡನೊಡನೆ ಕಾಫಿ ಅಂಗಡಿ ನಡೆಸಿದ್ದ ಎಲಿಜಬೆತ್ ಸ್ಟ್ರೈಡ್, 44 ವರ್ಷ, ಮುಕ್ಕಾಲು ಗಂಟೆಯೊಳಗೆ ಮೈಟರ್ ಸ್ಕ್ವೇರ್‌ನಲ್ಲಿ ಕ್ಯಾಥರೀನ್ ಎಡ್ಡೋಸ್, 46 ವರ್ಷ. ನವೆಂಬರ್ 9ರಂದು ತನ್ನ ಬಾಡಿಗೆ ಕೋಣೆಯಲ್ಲೇ ಸತ್ತ ಮೇರಿ ಜೇನ್ ಕೆಲ್ಲಿಗೆ ಮಾತ್ರ ಇಪ್ಪತ್ತೈದರ ಆಸುಪಾಸು.

ಉಳಿದ ನಾಲ್ವರ ವಯಸ್ಸನ್ನು ಇನ್ನೊಮ್ಮೆ ನೋಡಿ. 43, 47, 44, 46. ಸಿನಿಮಾಗಳಲ್ಲಿ ತೋರಿಸುವ ಹಾಗೆ ಬಣ್ಣ ಬಳಿದುಕೊಂಡ ಎಳೆ ಹುಡುಗಿಯರಲ್ಲ ಅವರು. ನನ್ನ ಪ್ರಾಯದವರು. ಅಡಿಗೆ ಮಾಡಿ, ಬಟ್ಟೆ ಒಗೆದು, ಮಕ್ಕಳನ್ನು ಹೆತ್ತು, ಹೆತ್ತ ಮಕ್ಕಳಲ್ಲಿ ಕೆಲವರನ್ನು ಮಣ್ಣಿಗಿಟ್ಟು, ಕುಡಿತಕ್ಕೋ ಜಗಳಕ್ಕೋ ಬಡತನಕ್ಕೋ ಸಿಕ್ಕಿ ಮನೆ ಕಳೆದುಕೊಂಡ ಹೆಂಗಸರು. 2019ರಲ್ಲಿ ಹ್ಯಾಲಿ ರೂಬೆನ್‌ಹೋಲ್ಡ್ ಎಂಬ ಇತಿಹಾಸಕಾರ್ತಿ ಈ ಐವರ ಬದುಕಿನ ಬಗ್ಗೆಯೇ ಒಂದು ಪುಸ್ತಕ ಬರೆದರು. ಅಲ್ಲಿಯವರೆಗೆ ಬಂದ ಪುಸ್ತಕಗಳಲ್ಲಿ ಹೆಚ್ಚಿನವೆಲ್ಲ ಕೊಂದವನ ಮೇಲೆ!

ಅವರು ಸತ್ತ ಜಾಗಗಳಲ್ಲಿ ಈಗ ನೋಡಲು ಅಂಥದ್ದೇನೂ ಇಲ್ಲ. ಹ್ಯಾನ್‌ಬರಿ ಸ್ಟ್ರೀಟ್‌ನ ಆ ಮನೆ ಕೆಡವಿ ಎಷ್ಟೋ ಕಾಲವಾಯಿತು. ಎಲಿಜಬೆತ್ ಸತ್ತ ಅಂಗಳದ ಜಾಗದಲ್ಲಿ ಪ್ರಾಥಮಿಕ ಶಾಲೆ. ಮೈಟರ್ ಸ್ಕ್ವೇರ್‌ನ ಪಕ್ಕದಲ್ಲೂ ಒಂದು ಶಾಲೆಯೇ.

"ಹೆಸರೇನು?" "ಏನೂ ಇಲ್ಲ"

ಡಿ.ಎನ್.ಎ. ಕಥೆಯೆಲ್ಲ ಶುರುವಾಗುವುದು ಈ ಮೈಟರ್ ಸ್ಕ್ವೇರ್‌ನಿಂದ. ಆಲ್ಡ್‌ಗೇಟ್ ನಿಲ್ದಾಣದಿಂದ ಐದು ನಿಮಿಷ. ಸುತ್ತ ಗಾಜಿನ ಎತ್ತರದ ಕಚೇರಿಗಳು, ಕೈಯಲ್ಲಿ ಕಾಫಿ ಲೋಟ ಹಿಡಿದು ಓಡಾಡುವ ನೌಕರರು. ನಾವಿಬ್ಬರೂ ಅಲ್ಲೊಂದು ಕಡೆ ಕೂತು, ತಂಗಿ ಕಟ್ಟಿಕೊಂಡು ಬಂದಿದ್ದ ಪುಳಿಯೋಗರೆ ಬಿಚ್ಚಿದೆವು. ತಿನ್ನುತ್ತಾ ನಾನು ಓದಿದ್ದನ್ನು ಅವಳಿಗೆ ಹೇಳಿದೆ. ಅದನ್ನೇ ನಿಮಗೂ ಹೇಳುತ್ತೇನೆ.

ಕ್ಯಾಥರೀನ್ ಎಡ್ಡೋಸ್ ಆ ಸೆಪ್ಟೆಂಬರ್‌ನಲ್ಲಿ ತನ್ನ ಜೊತೆಗಾರ ಜಾನ್ ಕೆಲ್ಲಿಯೊಡನೆ ಕೆಂಟ್ ಸೀಮೆಗೆ ಹಾಪ್ಸ್ ಬೆಳೆ ಕೀಳುವ ಕೂಲಿಗೆ ಹೋಗಿದ್ದಳು. ಕೂಲಿ ಗಿಟ್ಟಲಿಲ್ಲ. ಲಂಡನ್ನಿಗೆ ವಾಪಸಾಗಿ, ಅವನ ಬೂಟುಗಳನ್ನು ಎರಡು ಷಿಲಿಂಗ್ ಆರು ಪೆನ್ನಿಗೆ ಅಡವಿಟ್ಟು, ಚಹಾಪುಡಿ, ಸಕ್ಕರೆ, ತಿಂಡಿ ಕೊಂಡರು. 29ರ ಶನಿವಾರ ಮಧ್ಯಾಹ್ನ, ಬರ್ಮಂಡ್ಸಿಯಲ್ಲಿರುವ ಮಗಳ ಹತ್ತಿರ ಸ್ವಲ್ಪ ದುಡ್ಡು ಕೇಳಿಕೊಂಡು ಬರುತ್ತೇನೆ ಎಂದು ಹೊರಟಳು. ಆದರೆ ಮಗಳು ಆ ಮನೆ ಬಿಟ್ಟು ಬೇರೆಲ್ಲೋ ಹೋಗಿಯಾಗಿತ್ತು.

ರಾತ್ರಿ ಎಂಟೂವರೆಗೆ ಕುಡಿದು ರಸ್ತೆಯಲ್ಲಿ ಬಿದ್ದಿದ್ದವಳನ್ನು ಪೊಲೀಸರು ಬಿಷಪ್ಸ್‌ಗೇಟ್ ಠಾಣೆಗೆ ಎತ್ತಿಕೊಂಡು ಹೋದರು. ಹೆಸರೇನು ಎಂದು ಕೇಳಿದರೆ "ಏನೂ ಇಲ್ಲ" ಎಂದಳಂತೆ. ರಾತ್ರಿ ಒಂದು ಗಂಟೆಗೆ ಅಮಲಿಳಿದಿದೆ ಎಂದು ಬಿಟ್ಟರು. ಒಂದೂ ಮುಕ್ಕಾಲಿಗೆ ಗಸ್ತಿನ ಪೇದೆಯೊಬ್ಬ ಇದೇ ಚೌಕದ ಕತ್ತಲ ಮೂಲೆಯಲ್ಲಿ ಅವಳ ದೇಹ ಕಂಡ.

ಅವಳ ಮೈಮೇಲಿದ್ದ ಪ್ರತಿಯೊಂದು ವಸ್ತುವನ್ನೂ ಪೊಲೀಸರು ಪಟ್ಟಿ ಮಾಡಿಟ್ಟರು. ಆ ಪಟ್ಟಿ ಓದಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಒಂದು ತಗಡಿನ ಡಬ್ಬಿಯಲ್ಲಿ ಚಹಾಪುಡಿ, ಇನ್ನೊಂದರಲ್ಲಿ ಸಕ್ಕರೆ. ಆರು ತುಂಡು ಸೋಪು. ಹೇನು ಬಾಚಣಿಗೆ. ಒಂದು ಚಮಚ, ಒಂದು ಚಾಕು. ಕೆಂಪು ಕೈಗವಸು, ಒಂದೇ. ಮುರಿದ ಕನ್ನಡಕದ ಅರ್ಧ. ಗುಂಡಿಗಳು, ಹೊಲಿಯುವಾಗ ಬೆರಳಿಗೆ ಹಾಕುವ ಅಂಗುಷ್ಠಾನ. ಸಾಸಿವೆ ಡಬ್ಬಿಯೊಳಗೆ ಎರಡು ಅಡವಿನ ಚೀಟಿ. ಮನೆಯಿಲ್ಲದವಳು ಇಡೀ ಮನೆಯನ್ನೇ ಲಂಗದ ಜೇಬಿನಲ್ಲಿ ಹೊತ್ತು ತಿರುಗುತ್ತಿದ್ದಳು! ಆ ಅಡವಿನ ಚೀಟಿಗಳ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿಯೇ ಜಾನ್ ಕೆಲ್ಲಿ ಬಂದು ಅವಳನ್ನು ಗುರುತಿಸಿದ್ದು.

ಇನ್ನೂ ಒಂದಿದೆ. ಕೊಂದವನು ಅವಳ ಏಪ್ರನ್ನಿನ ಒಂದು ಭಾಗ ಕತ್ತರಿಸಿಕೊಂಡು ಹೋಗಿದ್ದ. ಅದು ಗೌಲ್ಸ್‌ಟನ್ ಸ್ಟ್ರೀಟ್‌ನ ಒಂದು ಬಾಗಿಲ ಸಂದಿಯಲ್ಲಿ ಸಿಕ್ಕಿತು. ಅವಳದೇ ಎಂದು ಹೇಗೆ ತಿಳಿಯಿತು? ಏಪ್ರನ್ನಿಗೆ ತೇಪೆ ಹಾಕಿತ್ತು. ವೈದ್ಯರು ಎರಡು ತುಂಡುಗಳನ್ನೂ ಜೋಡಿಸಿ ನೋಡಿದಾಗ ತೇಪೆಯ ಹೊಲಿಗೆ ಹೊಲಿಗೆಗೆ ಸರಿಯಾಗಿ ಕೂತಿತು. ಕೊಂದವನು ಯಾವ ದಾರಿ ಹಿಡಿದು ಹೋದ ಎಂದು ತೋರಿಸಿದ ಒಂದೇ ಒಂದು ಗಟ್ಟಿ ಸಾಕ್ಷಿ ಅದು, ಹರಿದ ಬಟ್ಟೆಯ ಮೇಲಿನ ಆ ತೇಪೆ.

ರೇಷ್ಮೆ ಶಾಲಿನ ಕಥೆ

ಈಗ ಶಾಲಿಗೆ ಬರೋಣ. ಅಮೋಸ್ ಸಿಂಪ್ಸನ್ ಎಂಬ ಪೊಲೀಸಿನವ ಆ ರಾತ್ರಿ ಕ್ಯಾಥರೀನಳ ದೇಹದ ಬಳಿಯಿಂದ ಒಂದು ರೇಷ್ಮೆ ಶಾಲನ್ನು ಹೆಂಡತಿಗೆಂದು ಮನೆಗೊಯ್ದನಂತೆ. ರಕ್ತದ ಕಲೆ ಕಂಡು ಆಕೆ ಉಡಲಿಲ್ಲವಂತೆ, ಒಗೆಯಲೂ ಇಲ್ಲವಂತೆ. ತಲೆಮಾರಿನಿಂದ ತಲೆಮಾರಿಗೆ ಪೆಟ್ಟಿಗೆಯಲ್ಲಿ ಉಳಿದು ಬಂತಂತೆ. ಇಷ್ಟೂ "ಅಂತೆ" ಎಂಬುದನ್ನು ಗಮನಿಸಿ. 2007ರ ಹರಾಜಿನಲ್ಲಿ ಅದನ್ನು ಕೊಂಡವರು ರಸೆಲ್ ಎಡ್ವರ್ಡ್ಸ್ ಎಂಬ ವ್ಯಾಪಾರಸ್ಥರು. ಲಿವರ್‌ಪೂಲಿನ ವಿಶ್ವವಿದ್ಯಾಲಯವೊಂದರ ಯಾರಿ ಲೌಹೆಲೈನೆನ್ ಎಂಬ ವಿಜ್ಞಾನಿ ಅದರ ಕಲೆಗಳನ್ನು ಪರೀಕ್ಷಿಸಿದರು. ಒಂದು ಕಲೆ ಕ್ಯಾಥರೀನಳ ವಂಶದವರಿಗೂ, ಇನ್ನೊಂದು ಏರನ್ ಕಾಸ್ಮಿನ್‌ಸ್ಕಿ ಎಂಬುವನ ಅಕ್ಕತಂಗಿಯರ ವಂಶದವರಿಗೂ ಹೊಂದುತ್ತದೆ, ಆದ್ದರಿಂದ ಕೊಲೆಗಾರ ಕಾಸ್ಮಿನ್‌ಸ್ಕಿಯೇ ಎಂದು 2014ರಲ್ಲಿ ಎಡ್ವರ್ಡ್ಸ್ ಪುಸ್ತಕ ಬರೆದರು. 2019ರಲ್ಲಿ ಅದೇ ವಿಷಯ ಒಂದು ವಿಜ್ಞಾನ ಪತ್ರಿಕೆಯಲ್ಲೂ ಬಂತು.

ಅವರು ಪರೀಕ್ಷಿಸಿದ್ದು ಮೈಟೊಕಾಂಡ್ರಿಯಾದ ಡಿ.ಎನ್.ಎ. ಹೆಸರು ಕೇಳಿ ಹೆದರಬೇಡಿ. ನಮ್ಮ ಅಡಿಗೆಮನೆಯ ಭಾಷೆಯಲ್ಲಿ ಹೇಳುತ್ತೇನೆ. ಮದುವೆಯಾಗಿ ಹೋಗುವ ಮಗಳಿಗೆ ಅಮ್ಮ ತನ್ನ ಮನೆಯ ಹೆಪ್ಪು ಕೊಟ್ಟು ಕಳಿಸುತ್ತಾಳೆ ಅಂತಿಟ್ಟುಕೊಳ್ಳಿ. ಮಗಳು ಅದರಿಂದ ಮೊಸರು ಮಾಡಿ, ಮುಂದೆ ತನ್ನ ಮಗಳಿಗೆ ಅದೇ ಹೆಪ್ಪು ಕೊಡುತ್ತಾಳೆ. ಈ ಡಿ.ಎನ್.ಎ.ಯೂ ಹಾಗೆಯೇ. ತಾಯಿಯಿಂದ ಮಾತ್ರ ಬರುತ್ತದೆ. ಗಂಡು ಮಕ್ಕಳಿಗೂ ಸಿಗುತ್ತದೆ, ಆದರೆ ಅವರು ಮುಂದಕ್ಕೆ ಕೊಡಲಾರರು. ಹೆಣ್ಣಿನಿಂದ ಹೆಣ್ಣಿಗೆ ನೂರಾರು ವರ್ಷ ಹೆಚ್ಚುಕಡಿಮೆ ಬದಲಾಗದೆ ಹರಿದು ಬರುತ್ತದೆ. ಒಂದು ಜೀವಕೋಶದಲ್ಲಿ ಅದರ ಪ್ರತಿಗಳೂ ಬಹಳ ಇರುವುದರಿಂದ ಹಳೆಯ ಕಲೆಯಲ್ಲೂ ಉಳಿದಿರುವ ಸಂಭವ ಹೆಚ್ಚು. ಆ ಶನಿವಾರ ಕ್ಯಾಥರೀನ್ ಹುಡುಕಿ ಹೊರಟು ಸಿಗದೇ ಹೋದ ಆ ಮಗಳಿದ್ದಳಲ್ಲ, ಆ ಮಗಳ ಸಂತತಿಯ ಮೂಲಕವೇ ಈ ಎಳೆ ಇಂದಿನವರೆಗೂ ಬಂದಿರುವುದು!

ಆದರೆ ಹೆಪ್ಪಿನ ತೊಂದರೆಯೂ ಅದೇ. ಒಂದೇ ಅಜ್ಜಿಯ ಹೆಪ್ಪು ಊರೆಲ್ಲ ಹರಡಿರುತ್ತದೆ. ಮೊಸರಿನ ರುಚಿ ನೋಡಿ ಯಾವ ಅಜ್ಜಿಯ ಕಡೆಯದು ಎನ್ನಬಹುದೇ ಹೊರತು ಯಾರ ಮನೆಯ ಗಡಿಗೆಯದು ಎನ್ನಲಾಗದು. ಮೈಟೊಕಾಂಡ್ರಿಯಾದ ಗುರುತು ಹೊಂದದಿದ್ದರೆ "ಇವನಲ್ಲ" ಎನ್ನಬಹುದು. ಹೊಂದಿದರೆ "ಇವನೇ" ಎನ್ನಲು ಅದೊಂದೇ ಸಾಲದು.

ತಜ್ಞರು ಎತ್ತಿದ ಆಕ್ಷೇಪಗಳು ಇನ್ನೂ ಇವೆ. ಕ್ಯಾಥರೀನಳ ವಂಶದ ಗುರುತು 2 ಲಕ್ಷ 90 ಸಾವಿರ ಜನರಲ್ಲಿ ಒಬ್ಬರಿಗೆ ಮಾತ್ರ ಇರುವಂಥದ್ದು ಎಂದು ಪುಸ್ತಕದಲ್ಲಿತ್ತು. ಅದು ಗುರುತಿನ ಸಂಖ್ಯೆ ಬರೆಯುವಾಗಿನ ತಪ್ಪು, ನಿಜವಾಗಿ ಅದು ಯೂರೋಪ್ ಮೂಲದ ನೂರಕ್ಕೆ ತೊಂಬತ್ತೊಂಬತ್ತು ಜನರಲ್ಲಿ ಇರುವ ಗುರುತು ಎಂದು ಬೇರೆ ವಿಜ್ಞಾನಿಗಳು ತೋರಿಸಿಕೊಟ್ಟರು. 2019ರ ಲೇಖನದಲ್ಲಿ ಡಿ.ಎನ್.ಎ.ಯ ಪೂರ್ಣ ವಿವರ ಕೊಡದೆ ಬಣ್ಣದ ಚೌಕಗಳನ್ನು ಮಾತ್ರ ತೋರಿಸಿದ್ದರು. ಒಗ್ಗರಣೆಗೆ ಏನೇನು ಹಾಕಿದೆ ಎಂದು ಹೇಳದೆ ಸಾರಿನ ಬಣ್ಣ ತೋರಿಸಿದ ಹಾಗೆ. 2024ರಲ್ಲಿ ಆ ಪತ್ರಿಕೆಯೇ ಆ ಲೇಖನದ ಬಗ್ಗೆ ಕಳವಳ ಸೂಚಿಸಿ ಪ್ರಕಟಣೆ ಹೊರಡಿಸಬೇಕಾಯಿತು.

ವಿಜ್ಞಾನ ಬಿಡಿ, ಸಂಸಾರ ಮಾಡುವ ನಮಗೇ ಕೆಲವು ಪ್ರಶ್ನೆ ಹೊಳೆಯುತ್ತವೆ. ಸೋಪಿನ ತುಂಡನ್ನೂ ಬಿಡದೆ ಬರೆದ ಪಟ್ಟಿಯಲ್ಲಿ ಶಾಲಿನ ಮಾತೇ ಇಲ್ಲ. ಮೈಟರ್ ಸ್ಕ್ವೇರ್ ಲಂಡನ್ ಸಿಟಿ ಪೊಲೀಸರ ಸರಹದ್ದು, ಸಿಂಪ್ಸನ್ ಇದ್ದದ್ದು ಬೇರೆಯೇ ಆದ ಮೆಟ್ರೊಪಾಲಿಟನ್ ಪೊಲೀಸಿನಲ್ಲಿ. ಜೊತೆಗಾರನ ಬೂಟು ಅಡವಿಟ್ಟು ಚಹಾಪುಡಿ ತಂದವಳು ರೇಷ್ಮೆ ಶಾಲನ್ನು ಅಡವಿಡದೆ ಹೊದ್ದುಕೊಂಡು ತಿರುಗುತ್ತಿದ್ದಳೆ? ಶಾಲು ಅವಳದಲ್ಲ, ಕೊಲೆಗಾರನೇ ತಂದದ್ದು ಎಂಬುದು ಎಡ್ವರ್ಡ್ಸ್ ಅವರ ಉತ್ತರ. ಅವನಾದರೂ ಬಡ ಕ್ಷೌರಿಕ. ಅಲ್ಲದೆ ಪೆಟ್ಟಿಗೆಯಲ್ಲಿಟ್ಟ ಹಳೆಯ ಸೀರೆಯನ್ನು ಎಷ್ಟು ಜನ ಮುಟ್ಟಿ ನೋಡಿರುತ್ತಾರೆ, ಹೇಳಿ? ಮುಟ್ಟಿದವರ ಬೆವರು, ಉಗುಳಿನ ಹನಿ, ಉದುರಿದ ಚರ್ಮ ಎಲ್ಲದರಲ್ಲೂ ಡಿ.ಎನ್.ಎ. ಇರುತ್ತದೆ. ತೇಪೆ ಹಾಕಿದ ಆ ಏಪ್ರನ್ ಉಳಿದು ಬಂದಿದ್ದರೆ ಮಾತು ಬೇರೆಯಿತ್ತು. ಅದು ಉಳಿದಿಲ್ಲ.

ಜೋಪಾನವಾಗಿಟ್ಟರೆ ಸತ್ಯ ಸಿಗುತ್ತದೆ

ಹಾಗಾದರೆ ಡಿ.ಎನ್.ಎ. ಪರೀಕ್ಷೆಯೇ ಸುಳ್ಳೆ? ಖಂಡಿತ ಇಲ್ಲ. ಅದು ಹುಟ್ಟಿದ್ದೇ ಇಂಗ್ಲೆಂಡಿನ ಲೆಸ್ಟರ್ ಊರಿನಲ್ಲಿ, 1984ರಲ್ಲಿ, ಅಲೆಕ್ ಜೆಫ್ರೀಸ್ ಎಂಬ ವಿಜ್ಞಾನಿಯ ಕೈಯಲ್ಲಿ. ಅದೇ ಲೆಸ್ಟರ್ ಸುತ್ತಲ ಇಬ್ಬರು ಹುಡುಗಿಯರ ಕೊಲೆಯ ಮೊಕದ್ದಮೆಯಲ್ಲಿ ಅದು ಮೊದಲು ಮಾಡಿದ ಕೆಲಸ ಏನು ಗೊತ್ತೆ? ತಪ್ಪೊಪ್ಪಿಕೊಂಡಿದ್ದ ಒಬ್ಬ ನಿರಪರಾಧಿ ಹುಡುಗನನ್ನು ಬಿಡಿಸಿದ್ದು. ಆಮೇಲೆ ನಿಜವಾದ ಅಪರಾಧಿಗೆ 1988ರಲ್ಲಿ ಶಿಕ್ಷೆಯಾಯಿತು.

ಹಳೆಯ ಸರಣಿ ಕೊಲೆಗಾರನ ವಿಷಯದಲ್ಲೂ ಗೆದ್ದದ್ದುಂಟು, ಅಮೆರಿಕದ ಬಾಸ್ಟನ್ ನಗರದಲ್ಲಿ. 1962ರಿಂದ 1964ರವರೆಗೆ ಅಲ್ಲಿ ಮನೆಯೊಳಗಿದ್ದ ಹೆಂಗಸರನ್ನು ಒಬ್ಬೊಬ್ಬರಾಗಿ ಕತ್ತು ಹಿಸುಕಿ ಕೊಂದರು. ನಾನೇ ಕೊಂದೆ ಎಂದು ಆಲ್ಬರ್ಟ್ ಡಿಸಾಲ್ವೊ ಎಂಬುವನು ಹೇಳಿದರೂ ಆ ಕೊಲೆಗಳಿಗಾಗಿ ಅವನ ವಿಚಾರಣೆ ನಡೆಯಲಿಲ್ಲ. ಬೇರೆ ಅಪರಾಧಕ್ಕೆ ಜೈಲಿನಲ್ಲಿದ್ದಾಗ 1973ರಲ್ಲಿ ಕೊಲೆಯಾದ. ನಿಜ ಹೇಳಿದನೋ ಬಡಾಯಿ ಕೊಚ್ಚಿದನೋ ಎಂಬ ಅನುಮಾನ ಉಳಿದೇ ಹೋಯಿತು. ಆದರೆ 1964ರ ಜನವರಿಯಲ್ಲಿ ಸತ್ತ 19 ವರ್ಷದ ಮೇರಿ ಸಲಿವನ್‌ಳ ಮೈಮೇಲೂ ಹೊದಿಕೆಯ ಮೇಲೂ ಸಿಕ್ಕಿದ್ದ ಕಲೆಗಳ ಮಾದರಿಯನ್ನು ಅಲ್ಲಿನವರು ಜೋಪಾನವಾಗಿ ಇಟ್ಟಿದ್ದರು. 2013ರಲ್ಲಿ ಡಿಸಾಲ್ವೊನ ಅಣ್ಣತಮ್ಮಂದಿರ ಪೈಕಿ ಒಬ್ಬನ ಮಗ ಕುಡಿದು ಎಸೆದ ನೀರಿನ ಬಾಟಲಿಯಿಂದ, ತಂದೆಯಿಂದ ಮಗನಿಗೆ ಬರುವ ಡಿ.ಎನ್.ಎ. ತೆಗೆದು ಹೋಲಿಸಿದರು. ಹೊಂದಿತು. ಅಷ್ಟಕ್ಕೇ "ಇವನೇ" ಎನ್ನಲಿಲ್ಲ, ನೋಡಿ! ಗೋರಿ ಅಗೆಸಿ, ಡಿಸಾಲ್ವೊನ ದೇಹದಿಂದಲೇ ಮಾದರಿ ತೆಗೆದು, ಪೂರ್ತಿ ಹೊಂದಿದ ಮೇಲೆ ಹೇಳಿದರು. ಅದೂ ಮೇರಿಯ ಕೊಲೆಯೊಂದರ ಮಟ್ಟಿಗೆ ಮಾತ್ರ.

ಬಾಸ್ಟನ್ನಿಗೂ ವೈಟ್‌ಚಾಪೆಲ್‌ಗೂ ಇರುವ ಅಂತರ ಇದೇ. ಅಲ್ಲಿ ಸಾಕ್ಷಿ ಕೈಯಿಂದ ಕೈಗೆ ಲೆಕ್ಕದ ಪ್ರಕಾರ ಬಂತು. ಇಲ್ಲಿ ಬಂದದ್ದು ಕಥೆ.

ಹೆಸರಿನ ಬೆಲೆ

ಸತ್ತು ನೂರು ವರ್ಷ ದಾಟಿದವನ ಹೆಸರು ತಪ್ಪಾದರೆ ಏನಾಯಿತು ಎನ್ನಬೇಡಿ. ಕಾಸ್ಮಿನ್‌ಸ್ಕಿ ಪೋಲೆಂಡಿನಿಂದ ಬಂದ ಯಹೂದಿ. ಬುದ್ಧಿಭ್ರಮಣೆಯಾಗಿ 1891ರಲ್ಲಿ ಆಸ್ಪತ್ರೆ ಸೇರಿದವನು 1919ರಲ್ಲಿ ಅಂಥದ್ದೇ ಇನ್ನೊಂದು ಆಸ್ಪತ್ರೆಯಲ್ಲಿ ಸತ್ತ. ಹಿರಿಯ ಪೊಲೀಸ್ ಅಧಿಕಾರಿಯೊಬ್ಬರ 1894ರ ಟಿಪ್ಪಣಿಯಲ್ಲಿ ಮೂವರು ಶಂಕಿತರ ಪೈಕಿ ಕಾಸ್ಮಿನ್‌ಸ್ಕಿ ಎಂಬ ಹೆಸರೂ ಇದೆ. ಆದರೆ ಯಾವ ನ್ಯಾಯಾಲಯವೂ ಅವನನ್ನು ವಿಚಾರಿಸಿದ್ದಿಲ್ಲ. ಏಪ್ರನ್ ತುಂಡು ಸಿಕ್ಕಿದ ಬಾಗಿಲ ಬಳಿಯ ಗೋಡೆಯ ಮೇಲೆ ಯಹೂದಿಗಳ ಬಗ್ಗೆ ಸೀಮೆಸುಣ್ಣದ ಬರಹವೊಂದಿತ್ತು. ಬೆಳಗಾಗಿ ಜನ ನೋಡಿದರೆ ಗಲಭೆಯಾದೀತೆಂದು ಪೊಲೀಸ್ ಮುಖ್ಯಸ್ಥರೇ ಬಂದು ಅಳಿಸಿಸಿದರು. ಹೊರಗಿನಿಂದ ಬಂದವರ ಮೇಲೆ ಅಷ್ಟು ಅನುಮಾನವಿದ್ದ ಕಾಲ. ಅಂಥಲ್ಲಿ ಮೊಸರಿನ ರುಚಿ ನೋಡಿ ಗಡಿಗೆಯ ಯಜಮಾನನ ಹೆಸರು ಹೇಳುವುದು ನ್ಯಾಯವೆ?

ಕೇಬಲ್ ಸ್ಟ್ರೀಟ್ ಎಂಬಲ್ಲಿ ಈ ಭಾಗದ ಮಹಿಳೆಯರ ಇತಿಹಾಸದ ಮ್ಯೂಸಿಯಂ ಮಾಡುತ್ತೇವೆಂದು ಅನುಮತಿ ಪಡೆದವರು 2015ರಲ್ಲಿ ಬಾಗಿಲು ತೆರೆದಾಗ ಅದು ಜ್ಯಾಕ್ ದ ರಿಪ್ಪರ್ ಮ್ಯೂಸಿಯಂ ಆಗಿತ್ತು! ಅಲ್ಲಿನ ಹೆಂಗಸರು ಬೀದಿಗಿಳಿದು ಪ್ರತಿಭಟಿಸಿದರು. ಆ ಮ್ಯೂಸಿಯಮ್ಮಿಗೆ ನಾವು ಹೋಗಲಿಲ್ಲ.

ಬದಲಿಗೆ, ಮರಳುವ ದಾರಿಯಲ್ಲಿ ಮ್ಯಾನರ್ ಪಾರ್ಕ್ ನಿಲ್ದಾಣದಲ್ಲಿ ಇಳಿದೆವು. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಸಿಟಿ ಆಫ್ ಲಂಡನ್ ಸ್ಮಶಾನ. ಸ್ಮಶಾನವೆಂದರೆ ನಮ್ಮ ಕಲ್ಪನೆಯದಲ್ಲ. ಮರ, ಹುಲ್ಲು, ಹೂವು ತುಂಬಿದ ದೊಡ್ಡ ತೋಟ. ಮೇರಿ ಆನ್ ನಿಕೊಲ್ಸ್, ಕ್ಯಾಥರೀನ್ ಎಡ್ಡೋಸ್ ಇಬ್ಬರೂ ಇಲ್ಲಿದ್ದಾರೆ. 1888ರ ಅಕ್ಟೋಬರ್ 8ರಂದು ಕ್ಯಾಥರೀನಳ ಶವಯಾತ್ರೆ ನೋಡಲು ಸಾವಿರಾರು ಜನ ಬೀದಿಯಲ್ಲಿ ನಿಂತಿದ್ದರಂತೆ. ಬದುಕಿದ್ದಾಗ ನಾಲ್ಕು ಪೆನ್ನಿ ಕೊಡುವವರಿರಲಿಲ್ಲ. ಗುರುತಿಲ್ಲದೆ ಮಲಗಿದ್ದ ಅವರಿಗೆ 1996ರಲ್ಲಿ ನೆಲದ ಮಟ್ಟದಲ್ಲಿ ಹೆಸರಿನ ಫಲಕ ಹಾಕಿದರು. ಇಲ್ಲಿಂದ ಬಹು ದೂರವಲ್ಲದ ಈಸ್ಟ್ ಹ್ಯಾಮಿನ ಯಹೂದಿ ಸ್ಮಶಾನದಲ್ಲಿ ಕಾಸ್ಮಿನ್‌ಸ್ಕಿಯೂ ಮಲಗಿದ್ದಾನೆ.

ಲಂಡನ್ನಿನಲ್ಲಿ ಮಗನೋ ಮಗಳೋ ಇದ್ದು, ನಿಮಗೂ ಅಲ್ಲಿಗೆ ಹೋಗುವ ಯೋಗ ಬಂದರೆ, ರಾತ್ರಿಯ ಕೊಲೆ ಕಥೆಯ ನಡಿಗೆಗೆ ದುಡ್ಡು ಸುರಿಯಬೇಡಿ. ಹಗಲು ಹೊತ್ತು ಮ್ಯಾನರ್ ಪಾರ್ಕ್‌ಗೆ ಹೋಗಿ. ಒಳಗೆ ಹೋಗಲು ಟಿಕೆಟ್ಟಿಲ್ಲ. ಬಾಗಿಲಲ್ಲಿ ಯಾರನ್ನಾದರೂ ಕೇಳಿದರೆ ದಾರಿ ತೋರಿಸುತ್ತಾರೆ. ಒಂದು ಹಿಡಿ ಹೂವು ತೆಗೆದುಕೊಂಡು ಹೋಗಿ. ಠಾಣೆಯಲ್ಲಿ ಹೆಸರು ಕೇಳಿದಾಗ "ಏನೂ ಇಲ್ಲ" ಎಂದವಳ ಹೆಸರು ಅಲ್ಲಿ ಓದುವ ಹಾಗೆ ಬರೆದಿದೆ: ಕ್ಯಾಥರೀನ್ ಎಡ್ಡೋಸ್.